ಇಳಿಯದೆ ಬಂದವಳಿಗೆ ಬೆಲ್ಲ ನೀರು

ಮನಾಮಾ, ಬಹರೈನ್
೧೦ ಮೇ ೨೦೨೬, ಭಾನುವಾರ

ಪ್ರೀತಿಯ ಪುಳ್ಳಿ ಅನ್ವಿತಾ,

ನಿನ್ನ ಅಕ್ಕು ಅಜ್ಜಿಯ ಮುತ್ತುಗಳು. ಹೇಗಿದ್ದೀ ಮಗಾ? ದಕ್ಷಿಣ ಆಫ್ರಿಕಾದಲ್ಲಿ ಈಗ ಚಳಿ ಶುರುವಾಯಿತೆಂದು ನಿನ್ನ ಅಮ್ಮ ಹೇಳಿದಳು. ಹೋದ ವಾರ ಫೋನಿನಲ್ಲಿ ನಿನ್ನ ಮೂಗು ಕಟ್ಟಿದ ಹಾಗೆ ಕೇಳಿಸಿತು. ಕಾಳುಮೆಣಸು, ಶುಂಠಿ ಹಾಕಿ ಕಷಾಯ ಮಾಡಿ ಕುಡಿ. ನೆಗಡಿ ಇರುವಾಗ ವಿಮಾನ ಹಾರಿಸಬಾರದು, ಕಿವಿ ಕೆಡುತ್ತದೆ ಎಂದು ನೀನೇ ನನಗೆ ಪಾಠ ಮಾಡಿದ್ದೆ, ನೆನಪಿರಲಿ. ಇಲ್ಲಿ ನಾವೆಲ್ಲ ಕ್ಷೇಮ. ಬಿಸಿಲು ಏರಿದೆ, ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಸ್ನಾನಕ್ಕೆ ಕಾಯಿಸಿದ ನೀರೇ ಬರುತ್ತದೆ. ನನ್ನ ಮೊಣಕಾಲಿನ ನೋವು ನನ್ನ ಜೊತೆಗೇ ಹೋಗುವಂಥದ್ದು, ಅದನ್ನು ಕೇಳಬೇಡ. ನಿನ್ನ ಅಮ್ಮ ಉಷಾಳಿಗೆ ಸಲ್ಮಾನಿಯಾ ಆಸ್ಪತ್ರೆಯಲ್ಲಿ ಈ ವಾರ ಬೆಳಗಿನ ಪಾಳಿ. ನಿನ್ನ ಅಪ್ಪನೂ ಆರೋಗ್ಯವಾಗಿದ್ದಾನೆ. ಈ ಕಾಗದ ಅವನ ವಿಷಯವೇ. ಫೋನಿನಲ್ಲಿ ಹೇಳೋಣವೆಂದರೆ ಈ ಫ್ಲ್ಯಾಟಿನಲ್ಲಿ ಒಂದು ಕೋಣೆಯಲ್ಲಿ ಕೆಮ್ಮಿದರೆ ಇನ್ನೊಂದರಲ್ಲಿ ನೀರು ತರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಅಡುಗೆಮನೆಯಲ್ಲಿ ಕೂತು ನಾನು ಕಲಿಸಿದ ಕನ್ನಡ ಮರೆತಿರದಿದ್ದರೆ ನಿಧಾನವಾಗಿ ಓದು. ನಿನ್ನ ಜೊತೆ ವಿಮಾನ ಕಲಿಯುವ, ಕನ್ನಡ ಬರುವ ಆ ಕೆನೆತ್‌ನ ಹತ್ತಿರ ಮಾತ್ರ ಓದಿಸಬೇಡ, ಅವನ ಬಗ್ಗೆಯೂ ಎರಡು ಮಾತು ಉಂಟು.

ಮೊದಲು ನಿನ್ನ ಡಬ್ಬಿಯ ಸಮಾಚಾರ. ನೀನು ಶಾಲೆಯಲ್ಲಿರುವಾಗ ಸಾಖೀರ್ ಕಡೆಯ ಮರುಭೂಮಿಯಲ್ಲಿ ಮುಳ್ಳುಗಿಡದ ಬುಡಕ್ಕೆ ಕಲ್ಲು ಮುಚ್ಚಿ ಒಂದು ಪ್ಲಾಸ್ಟಿಕ್ ಡಬ್ಬಿ ಅಡಗಿಸಿ, ಜಾಗದ ಗುರುತನ್ನು ಇಂಟರ್‌ನೆಟ್ಟಿಗೆ ಹಾಕಿದಾಗ ನನಗೆ ಇದೆಂಥ ಮರುಳು ಎಂದು ಕಂಡಿತ್ತು. ಯಾರೋ ಗುರುತಿಲ್ಲದವರು ಫೋನು ಹಿಡಿದು ಹುಡುಕಿಕೊಂಡು ಬರಬೇಕು, ಒಳಗಿನ ಚೀಟಿಯಲ್ಲಿ ಹೆಸರು ಬರೆಯಬೇಕು, ಒಂದು ಚಿಲ್ಲರೆ ಸಾಮಾನು ತೆಗೆದುಕೊಂಡರೆ ಇನ್ನೊಂದು ಇಡಬೇಕು. ಜಿಯೋಕ್ಯಾಶಿಂಗ್ ಎಂಬ ಹೆಸರು ನನ್ನ ಬಾಯಿಗೆ ಹೊರಳದು, ನಾನು ಅದನ್ನು ಡಬ್ಬಿ ಆಟ ಎಂದೇ ಹೇಳುತ್ತೇನೆ. ಆದರೆ ವಿಮಾನ ಕಲಿಯಲು ಇಲ್ಲಿಂದ ಹೊರಡುವಾಗ ನೀನು ಅದನ್ನು ನನಗೆ ಒಪ್ಪಿಸಿ ಹೋದೆಯಲ್ಲ, ಅಂದಿನಿಂದ ಟ್ಯಾಕ್ಸಿಯ ಸಿರಾಜ್‌ನನ್ನು ಕರೆದುಕೊಂಡು ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತೇನೆ. ಹಾಗೆ ಹೋದಾಗ ಒಂದು ದಿನ ನನಗೇ ಯೋಚನೆ ಬಂತು: ಪಾಪ, ಅಷ್ಟು ಬಿಸಿಲಿನಲ್ಲಿ ಯಾರೋ ಹುಡುಕಿಕೊಂಡು ಬಂದರೆ ಒಳಗಿರುವುದು ಪ್ಲಾಸ್ಟಿಕ್ ಆನೆ ಮತ್ತು ಕೀ ಚೈನು! ಬಂದವರಿಗೆ ಬೆಲ್ಲ ನೀರು ಕೊಡದ ಮನೆಯೂ ಒಂದು ಮನೆಯೇ? ನೀರು ಅವರ ಹತ್ತಿರ ಇದ್ದೇ ಇರುತ್ತದೆ. ಅದಕ್ಕೆ ಊರಿನ ಓಲೆ ಬೆಲ್ಲದ ಒಂದು ದೊಡ್ಡ ತುಂಡನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟು ಬಂದೆ. ಅದು ಕರಗಿ ಆನೆಯನ್ನೂ ಚೀಟಿಯನ್ನೂ ಒಂದೇ ಮುದ್ದೆ ಮಾಡಿತು. ಹುಡುಕಿಕೊಂಡು ಬಂದ ಯಾರೋ ದೊರೆಗಳು ನಿನಗೆ ದೂರು ಬರೆದರು, ನೀನು ನನಗೆ ಬೈದೆ. ಡಬ್ಬಿಯಲ್ಲಿ ತಿನ್ನುವ ವಸ್ತು ಇಡಬಾರದು ಎಂಬುದು ನಿಯಮವಂತೆ. ಇರಲಿ, ಆ ನಿಯಮ ಮಾಡಿದವರು ನಮ್ಮ ಮಲ್ಪೆಯವರಲ್ಲ.

ಸಿರಾಜ್ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ. ಡಬ್ಬಿ ತೊಳೆಯದಿದ್ದರೆ ಆಟದವರು ಅದನ್ನು ಮುಚ್ಚಿಬಿಡುತ್ತಾರೆಂದು ನೀನು ಹೆದರಿಸಿದ್ದೆ. ಹಾಗಾಗಿ ನಿನ್ನೆಯದಲ್ಲ, ಅದರ ಹಿಂದಿನ ಶನಿವಾರ ಬೆಳಿಗ್ಗೆ ನಿನ್ನ ಅಪ್ಪನನ್ನೇ ಹೊರಡಿಸಿದೆ. ಹೊರಡಿಸುವುದು ಸುಲಭವಿತ್ತೇ? ನಿನಗೆ ಗೊತ್ತಿರುವುದೇ, ನೀನು ಸಣ್ಣ ವಿಮಾನದಲ್ಲಿ ಹುಲ್ಲಿನ ರನ್‌ವೇಗಳಿಗೆಲ್ಲ ಹೋಗಿ ಇಳಿದು ಡಬ್ಬಿ ಹುಡುಕಲು ಶುರುಮಾಡಿದ ಮೇಲೆ ಅವನು ನಿನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ಫೋನು ಬಂದರೆ ಉಷಾಳ ಕೈಗೆ ಕೊಟ್ಟು ಬಾಲ್ಕನಿಗೆ ಹೋಗುತ್ತಾನೆ. ಮಗಳು ಪೈಲಟ್ ಆಗಲಿ ಎಂದು ಒಪ್ಪಿದವನು ಅವನೇ. ಆದರೆ ಅವನ ಕಣ್ಣಿನಲ್ಲಿ ಪೈಲಟ್ ಎಂದರೆ ದೊಡ್ಡ ವಿಮಾನ, ಬಿಳಿ ಅಂಗಿ, ಹೆಗಲ ಮೇಲೆ ಪಟ್ಟಿ. ಮಂಗಳೂರಿನ ಗುಡ್ಡದ ಮೇಲಿನ ರನ್‌ವೇಗೆ ಇಳಿಯುವಾಗ ಕಣ್ಣುಮುಚ್ಚಿ ನನ್ನ ಕೈ ಹಿಡಿದುಕೊಳ್ಳುವವನು ಅವನು, ಐವತ್ತು ದಾಟಿದ ಬ್ಯಾಂಕ್ ಮ್ಯಾನೇಜರು! ಆದರೆ ನಿನ್ನ ವಿಷಯದಲ್ಲಿ ಅವನ ಹೆದರಿಕೆ ವಿಮಾನದ್ದಲ್ಲ ಮಗಾ, ನಿನ್ನ ಆಸೆಯದ್ದು. ಡಬ್ಬಿ ಕಣ್ಣೆದುರು ಕಂಡರೆ ಇಳಿಯಬಾರದ ಕಡೆಯೂ ಇಳಿಯುತ್ತಾಳೆ, ಆಟದಲ್ಲಿ ಬಿದ್ದವರಿಗೆ ಬುದ್ಧಿ ಹಿಂದೆ ಉಳಿಯುತ್ತದೆ ಎಂದು ನಿನ್ನ ಅಮ್ಮನ ಹತ್ತಿರ ಹೇಳುತ್ತಿದ್ದ. ನಿನಗೆ ಯಾರೂ ಹೇಳಿರದ ಮಾತನ್ನು ನಾನು ಹೇಳುತ್ತೇನೆ, ಗಾಬರಿಯಾಗಬೇಡ: ಈ ಬಕ್ರೀದ್ ರಜೆಗೆ ನಿನ್ನನ್ನು ಕರೆಸಿ ಮತ್ತೆ ಕಳುಹಿಸುವುದೇ ಬೇಡ, ಇಲ್ಲೇ ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ ಒಂದು ಆಫೀಸು ಕೆಲಸ ನೋಡುವುದು ಎಂದು ಅವನು ನಿರ್ಧಾರ ಮಾಡಿದ್ದ. ಉಷಾ ಅತ್ತಳು. ನಾನು ಅಳಲಿಲ್ಲ, ಬೆಲ್ಲದ ಡಬ್ಬಿ ತೊಳೆಯಲಿಕ್ಕುಂಟು ಕಾರು ತೆಗೆ ಎಂದೆ.

ದಾರಿಯುದ್ದಕ್ಕೂ ಅವನು ಬಾಯಿ ಬಿಡಲಿಲ್ಲ. ಅಲ್ಲಿ ಇಳಿದ ಮೇಲೆ ಫೋನು ನೋಡುತ್ತ ನಾಲ್ಕು ಮುಳ್ಳುಗಿಡಗಳ ಸುತ್ತ ಪ್ರದಕ್ಷಿಣೆ ಹಾಕಿದ. ನನಗೆ ಜಾಗ ಗೊತ್ತು, ಆದರೂ ಕಾರಿನಲ್ಲೇ ಕೂತು ಸುಮ್ಮನಿದ್ದೆ. ಹುಡುಕಲಿ, ಮಗಳ ಆಟ ಏನೆಂದು ಮೈಗೆ ಗೊತ್ತಾಗಲಿ. ಕೊನೆಗೆ ಅವನಿಗೆ ದಾರಿ ತೋರಿಸಿದ್ದು ನನ್ನ ಬೆಲ್ಲದ ಇರುವೆಗಳು. ಸಾಲು ಹಿಡಿದು ಹೋಗಿ ಕಲ್ಲು ಎತ್ತಿದವನ ಮುಖ ನೀನು ನೋಡಬೇಕಿತ್ತು! "ಸಿಕ್ಕಿತು ಅಮ್ಮಾ!" ಎಂದು ಆ ಬಯಲಿನಲ್ಲಿ ಕೂಗಿದ. ಫ್ಲಾಸ್ಕಿನ ಬಿಸಿನೀರು ಹಾಕಿ ನಾವಿಬ್ಬರೂ ಡಬ್ಬಿ ತೊಳೆದೆವು, ಆನೆಯ ಕಿವಿಯನ್ನೂ ಬಿಡದೆ ಒರೆಸಿದ. ಹೊಸ ಚೀಟಿ ಇಟ್ಟ. ಬ್ಯಾಂಕಿನ ಬುದ್ಧಿ, ಮುಚ್ಚಳವನ್ನು ಮೂರು ಸಲ ಒತ್ತಿ ನೋಡಿದ.

ಅವನ ಮನಸ್ಸು ಸ್ವಲ್ಪ ಮೆತ್ತಗಾಗಿದೆ ಎಂದು ಕಂಡದ್ದೇ ನಾನು ನಿನಗೆ ಕೊಟ್ಟ ಮಾತು ಮುರಿದೆ. ಬೇಕೆಂದೇ ಮುರಿದೆ. ನೀನು ನನಗೆ ಮಾತ್ರ ಎಂದು ಕಳುಹಿಸಿದ ಧ್ವನಿಯನ್ನು ಫೋನಿನಲ್ಲಿ ಹಾಕಿ ಅವನ ಕಿವಿಗೆ ಹಿಡಿದೆ. "ಅಜ್ಜಿ, ಡಬ್ಬಿ ಅಲ್ಲೇ ಇತ್ತು, ಕಂಬದ ಬುಡದಲ್ಲಿ. ಮೇಲಿಂದ ಕಂಬ ಕಾಣ್ತಾ ಇತ್ತು. ಬಟ್ ಗಾಳಿ ಪೂರಾ ಅಡ್ಡ ಇತ್ತು, ನಾನು ಇಳೀಲಿಲ್ಲ, ವಾಪಸ್ ಬಂದೆ. ಎಲ್ರೂ ನಗಾಡ್ತಿದ್ದಾರೆ. ಪಪ್ಪನಿಗೆ ಹೇಳ್ಬೇಡಿ ಪ್ಲೀಸ್." ಆ ರನ್‌ವೇಯ ಪಕ್ಕದಲ್ಲಿ ಗಾಳಿ ಯಾವ ಕಡೆಗೆ ಎಂದು ತೋರಿಸುವ ಬಟ್ಟೆಯ ಚೀಲದ ಕಂಬವಿದೆ, ಡಬ್ಬಿ ಇರುವುದು ಅದರ ಬುಡದಲ್ಲೇ, ಚೀಲ ಅಡ್ಡಡ್ಡವಾಗಿ ಸೆಟೆದು ನಿಂತದ್ದನ್ನು ನೋಡಿ ನೀನು ತಿರುಗಿದೆ ಎಂದು ನಾನು ಬಿಡಿಸಿ ಹೇಳಿದೆ. ಗಾಳಿ ಏಳುವ ಮೊದಲೇ ಕೆನೆತ್ ಇಳಿದು ಹೆಸರು ಬರೆದು ಬಂದದ್ದನ್ನೂ, ನಿನ್ನನ್ನು "ಯೂ-ಟರ್ನ್ ಮೇಡಂ" ಎಂದು ಕರೆದದ್ದನ್ನೂ ಹೇಳಿದೆ. (ಅವನಿಗೆ ನನ್ನ ಮಾತು ಹೇಳು: ಇಳಿಯುವುದಕ್ಕೆ ರೆಕ್ಕೆ ಸಾಕು, ತಿರುಗುವುದಕ್ಕೆ ತಲೆ ಬೇಕು.)

ನಿನ್ನ ಅಪ್ಪ "ಇನ್ನೊಮ್ಮೆ ಹಾಕು" ಎಂದ. ಹಾಕಿದೆ. ಮತ್ತೊಮ್ಮೆ ಎಂದ. ಆಮೇಲೆ ಕಾರಿಗೆ ಒರಗಿ ನಿಂತು, ನಾನು ಎಣಿಸಿಯೇ ಇರದ ಒಂದು ಮಾತು ಆಡಿದ. "ಅಪ್ಪ ಬರಿಗೈಯಲ್ಲಿ ಬಂದ ದಿನ ಕೂಡ ನೀನು ಮೊದಲು ಬೆಲ್ಲ ನೀರೇ ಕೊಡ್ತಿದ್ದಿ ಅಲ್ವಾ ಅಮ್ಮ?" ನಿನಗೆ ಅಜ್ಜನ ನೆನಪು ಕಡಿಮೆ. ಅವರು ದೋಣಿಯವರು. ಒಂದು ಸಲ ಉಳಿದ ದೋಣಿಗಳೆಲ್ಲ ಮುಂದೆ ಹೋದಾಗ ಅಲೆಯ ಬಣ್ಣ ಸರಿಯಿಲ್ಲವೆಂದು ಇವರೊಬ್ಬರೇ ತಿರುಗಿಸಿಕೊಂಡು ಬಂದರು. ಮುಂದೆ ಹೋದವರಿಗೂ ಏನೂ ಆಗಲಿಲ್ಲ, ದೋಣಿ ತುಂಬ ಬಂಗುಡೆ ತಂದರು, ದಡದಲ್ಲಿ ನಿಂತು ಇವರಿಗೆ ನಗಾಡಿದರು. ನಾನು ಎಂದಿನ ಹಾಗೆ ಬೆಲ್ಲದ ತುಂಡು, ತಂಬಿಗೆ ನೀರು ಹಿಡಿದುಕೊಂಡು ಹೋದೆ. ನಮ್ಮ ಮನೆಯಲ್ಲಿ ಅದೇ ಕ್ರಮ, ಕಡಲಿನಿಂದ ಬಂದವರಿಗೆ ಮೊದಲು ಬೆಲ್ಲ ನೀರು, ಮೀನೆಷ್ಟು ಎಂಬ ಮಾತು ಆಮೇಲೆ. ನಿನ್ನ ಅಪ್ಪ ಸಂದೇಶ ಆಗ ನನ್ನ ಸೆರಗು ಹಿಡಿದು ನಿಂತಿದ್ದ ಪುಟ್ಟ ಹುಡುಗ. ಅಪ್ಪನಿಗೆ ಜನ ನಕ್ಕದ್ದು ಮಾತ್ರ ಅವನಿಗೆ ನೆನಪಿರಬಹುದು ಎಂದು ನಾನು ತಿಳಿದಿದ್ದೆ. ಬೆಲ್ಲವೂ ನೆನಪಿದೆ ಮಗಾ. ವಾಪಸು ಬರುವಾಗ ದಾರಿಯುದ್ದಕ್ಕೂ ಮಾತು ಅವನದ್ದೇ.

ಈಗ ನಗುವ ವಿಷಯ ಕೇಳು. ಮೊನ್ನೆ ಶುಕ್ರವಾರ ಭಜನೆ ಮುಗಿದು ಊಟಕ್ಕೆ ಕೂತಿದ್ದೆವು. ಟೈಲ್ಸ್ ಅಂಗಡಿಯ ರಮಾನಾಥರು ಗೊತ್ತಲ್ಲ, ಅವರ ಮಗನಿಗೆ ಕೆನಡಾದಲ್ಲಿ ಅದು ಸಿಕ್ಕಿತು ಇದು ಸಿಕ್ಕಿತು ಎಂದು ಪಾಯಸ ಬರುವವರೆಗೂ ಹೇಳಿದರು. ಅವರು ಉಸಿರು ತೆಗೆದುಕೊಂಡದ್ದೇ ತಡ, ನಿನ್ನ ಅಪ್ಪ ಬಾಯಿ ಹಾಕಿದ: "ನನ್ನ ಮಗಳು ಮೊನ್ನೆ ಇಳಿಯದೆ ವಾಪಸ್ ಬಂದಳು, ಗೊತ್ತುಂಟಾ?" ರಮಾನಾಥರು ಪಾಪ, ಏನೋ ಫೇಲಾಗಿದೆ ಎಂದು ಎಣಿಸಿ, ಪರವಾಗಿಲ್ಲ ಮುಂದಿನ ಸಲ ಆಗ್ತದೆ ಎಂದು ಸಮಾಧಾನ ಹೇಳಿದರು. ಇವನಿಗೆ ಕೋಪ ಬಂತು. "ಆಗ್ಲಿಲ್ಲ ಅಂತ ಅಲ್ಲ ಮಾರಾಯ್ರೆ, ಬೇಡ ಅಂತ ತಿರುಗಿದ್ದು!" ಎಂದು ಬಾಳೆಲೆಯನ್ನೇ ರನ್‌ವೇ ಮಾಡಿ, ಕೊನೆಯಲ್ಲಿದ್ದ ಉಪ್ಪಿನಕಾಯಿಯನ್ನು ಗಾಳಿಚೀಲದ ಕಂಬ ಮಾಡಿ, ಹಪ್ಪಳವನ್ನು ಎತ್ತಿ ಹಾರಿಸಿ ತೋರಿಸಿದ. ಹಪ್ಪಳ ಉಪ್ಪಿನಕಾಯಿಯ ತನಕ ಬಂದು ಸರ್ರನೆ ಮೇಲೆದ್ದು ತಿರುಗಿತು. ಇಡೀ ಪಂಕ್ತಿ ಊಟ ಬಿಟ್ಟು ನೋಡಿತು. ಇಷ್ಟು ದೂರ ಹೋಗಿ, ಬೇಕಾದದ್ದು ಕಣ್ಣಿಗೆ ಕಾಣುವಾಗ ಬಿಟ್ಟು ಬರಲು ಎಷ್ಟು ಮಂದಿಗೆ ಆಗ್ತದೆ ಹೇಳಿ ಎಂದು ಕೇಳಿದ. ಉಷಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ನಾಚಿಕೆಯೋ ಸಂತೋಷವೋ ನಾನು ಕೇಳಲಿಲ್ಲ.

ನನಗಂತೂ ಹೆಮ್ಮೆ, ಮುಚ್ಚಿಡುವುದೇಕೆ? ನಮ್ಮ ಮನೆಯಲ್ಲಿ ಆಕಾಶಕ್ಕೆ ಏರಿದ ಮೊದಲ ಹೆಣ್ಣು ನೀನು ಎಂದು ನಾನು ಮೊದಲೂ ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಆದರೆ ಏರಿದ್ದಕ್ಕಿಂತ ಈ ತಿರುಗಿದ್ದು ದೊಡ್ಡದು. ಯಾರು ನಕ್ಕರೂ ನೀನು ತಲೆ ತಗ್ಗಿಸಬೇಡ. ಸಿರಾಜ್ ಹೇಳುವ ಹಾಗೆ, ಖಲ್ಲಿವಲ್ಲಿ, ಬಿಟ್ಟು ಹಾಕು. ನೀನು ಅಜ್ಜನ ಪುಳ್ಳಿ ಎಂದು ನನಗೆ ಆ ದಿನವೇ ಖಾತ್ರಿಯಾಯಿತು.

ಹೊಟ್ಟೆ ತುಂಬ ಉಣ್ಣು. ತಲೆಗೆ ಎಣ್ಣೆ ಹಾಕು. ಕೆನೆತ್‌ನಿಗೂ ನನ್ನ ಆಶೀರ್ವಾದ ಹೇಳು, ಹುಡುಗ ಕೆಟ್ಟವನಲ್ಲ. ದೇವರು ನಿನ್ನ ರೆಕ್ಕೆಯನ್ನೂ ತಲೆಯನ್ನೂ ಒಟ್ಟಿಗೆ ಕಾಯಲಿ.

ನಿನ್ನ ಪ್ರೀತಿಯ
ಅಕ್ಕು ಅಜ್ಜಿ

ತಾ.ಕ.: ಉಷಾ ಈ ಕಾಗದದ ಫೋಟೊ ಹೊಡೆದು ಕಳುಹಿಸಲು ಫೋನು ಹಿಡಿದು ನಿಂತಿದ್ದಾಳೆ, ಅವನು ಸ್ನಾನಕ್ಕೆ ಹೋಗಿದ್ದಾನೆ, ಬೇಗ ಬರೆಯುತ್ತೇನೆ. ಬಕ್ರೀದ್ ರಜೆಗೆ ನೀನು ಇಲ್ಲಿಗೆ ಬರುವುದು ಬೇಡ. ನಿನ್ನ ಅಪ್ಪನೇ ಅಲ್ಲಿಗೆ ಬರುತ್ತಿದ್ದಾನೆ. ನಿನಗೆ ಹೇಳಬಾರದೆಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಿದ್ದಾನೆ. ಆ ಕಂಬದ ಬುಡದ ಡಬ್ಬಿಗೆ ನಿನ್ನ ಪಕ್ಕದಲ್ಲಿ ಕೂತು ಹೋಗಬೇಕಂತೆ. ಕರೆದುಕೊಂಡು ಹೋಗು, ಕಣ್ಣು ಮುಚ್ಚಿದರೆ ನಗಬೇಡ. ಆದರೆ ಗಾಳಿ ಅಡ್ಡ ಎದ್ದರೆ, ಪಪ್ಪ ಇಷ್ಟು ದೂರದಿಂದ ಬಂದಿದ್ದಾರೆ ಎಂದು ಇಳಿಯಬೇಡ ಮಗಾ. ಅವನಿದ್ದರೂ ತಿರುಗು. ಬೆಲ್ಲ ಅವನ ಚೀಲದಲ್ಲಿ ನಾನೇ ಕಟ್ಟಿಟ್ಟಿದ್ದೇನೆ. ಕೆಳಗಿಳಿದ ಮೇಲೆ ಅವನು ನಿನಗೆ ಮೊದಲು ಅದನ್ನು ಕೊಡುತ್ತಾನೆ, ಡಬ್ಬಿ ಸಿಕ್ಕಿದರೂ, ಸಿಗದಿದ್ದರೂ.