ಅಮ್ಮ ಇಸ್ತ್ರಿ ಅಂಗಡಿಗೆ ವ್ಯಾನ್ ನುಗ್ಗಿಸಿದ್ದು

ಅಪ್ಪಾ,

ಎದುರಿಗೆ ಹೇಳಿದ್ರೆ ನೀನೂ ಕೂಗ್ತೀಯ, ನಾನೂ ಕೂಗ್ತೀನಿ. ಅದಕ್ಕೇ ಬರೆದು ನಿನ್ನ ಊಟದ ಡಬ್ಬಿ ಜೊತೆ ಇಡ್ತಿದ್ದೀನಿ.

ನಿನ್ನೆ ಚಿಕ್ಕಪ್ಪ ಬಂದಾಗ ನೀನು ಮತ್ತೆ ಅದೇ ಕಥೆ ಶುರು ಮಾಡ್ದೆ. ಅಮ್ಮ ರಿವರ್ಸ್ ತಗೊಂಡು ಇಸ್ತ್ರಿ ಅಂಗಡಿಗೆ ವ್ಯಾನ್ ನುಗ್ಗಿಸಿದ್ದು, ಯಾರದೋ ಪ್ಯಾಂಟು ಹಿಂದಿನ ಬಾಗಿಲಿಗೆ ಸಿಕ್ಕಿ ಬಾವುಟದ ಥರ ಹಾರಾಡಿದ್ದು. ನಂಗೂ ನಗು ಬಂತು, ಸುಳ್ಳು ಹೇಳಲ್ಲ. ಆದ್ರೆ ಹಿಂದೆ ನಿಂತು "ಬರ್ಲಿ, ಬರ್ಲಿ" ಅಂತಿದ್ದೋನು ಯಾರು? ನೀನು. ಮಧ್ಯದಲ್ಲಿ ಇಸ್ತ್ರಿಯವನ ಜೊತೆ ಹರಟೆಗೆ ನಿಂತೆ, ಕೈ ಮಾತ್ರ ಬೀಸ್ತಾನೇ ಇದ್ದೆ. ಅದನ್ನ ಯಾಕೆ ನುಂಗ್ತೀಯ?

ಅವತ್ತಿಂದ ಅಮ್ಮ ಸ್ಟೇರಿಂಗ್ ಮುಟ್ಟಿಲ್ಲ. ಈಗ ಬೇಕರಿಯವರು ಬ್ರೆಡ್ ಹಂಚೋ ಗಾಡಿ ಓಡಿಸೋಕೆ ಕರೆದಿದ್ದಾರೆ. ಸೋಮವಾರ ಓಡಿಸಿ ತೋರಿಸ್ಬೇಕು. ನೀನು ನೋಡಿದ್ರೆ "ಈ ಸಲ ಯಾರ ಅಂಗಡಿಗೆ ನುಗ್ತೀಯೇ?" ಅಂತ ಹಂಗಿಸಿ ವ್ಯಾನ್ ಕೀ ಬಚ್ಚಿಟ್ಟಿದ್ದೀಯ.

ನಾಳೆ ಬೆಳಿಗ್ಗೆ ಮೈದಾನದಲ್ಲಿ ಅವಳಿಗೆ ನಾನೇ ಹೇಳಿಕೊಡ್ತೀನಿ. ಸಂಜೆ ಬಂದು ಕೀ ಮೇಜಿನ ಮೇಲಿಡು. ಇಡದಿದ್ರೂ ಚಿಂತೆಯಿಲ್ಲ. ನಾನು ಸ್ಕೂಲ್ ಬಿಟ್ಟು ಗ್ಯಾರೇಜ್ ಸೇರಿದಾಗ "ಇವನೇನು ಕಲೀತಾನೆ" ಅಂದಿದ್ಯಲ್ಲ? ಕೀ ಇಲ್ದೆ ವ್ಯಾನ್ ಸ್ಟಾರ್ಟ್ ಮಾಡೋದನ್ನ ಮೊದಲನೇ ವಾರದಲ್ಲೇ ಕಲಿತೆ.

ಸಿಟ್ಟು ಇಳಿಯದ,
ನಿನ್ನ ಮಗ