ಮೊದಲ ತುತ್ತಿನ ಹುಳಿ

ಭಾನುವಾರ, ಮಧ್ಯಾಹ್ನ

ಮನೆಯ ಯಜಮಾನರಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಕೈಗೆ ಅಭ್ಯಾಸ, ಬೇರೇನಿಲ್ಲ.

ನಿಮ್ಮ ಕಾಗದ ತಲುಪಿತು. ಸಕ್ಕರೆ ಕಾಯಿಲೆ ಏರಿ ಕಾಲಿನ ಹುಣ್ಣು ಮಾಯುತ್ತಿಲ್ಲ, ಊಟ ಹದಕ್ಕೆ ಬಾರದಿದ್ದರೆ ಪಾದ ಉಳಿಯುವುದಿಲ್ಲ, ಅದಕ್ಕೇ ಅಡುಗೆಗೆ ವಾಪಸು ಬಾ ಎಂದಿದ್ದೀರಿ. ನನ್ನ ನೆನಪಾಯಿತು ಎಂಬ ಒಂದು ಸಾಲಿಗಾಗಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಹುಡುಕಿದೆ. ನನಗೂ ಬುದ್ಧಿಯಿಲ್ಲ ನೋಡಿ.

ನಿಮ್ಮ ಆಸ್ಪತ್ರೆಯಲ್ಲಿ ಪಥ್ಯ ಹೇಳಿಕೊಡುವ ಹುಡುಗಿ ಫೋನ್ ಮಾಡಿದ್ದಳು. ಎಲ್ಲರಿಗೂ ಒಂದೇ ಪಥ್ಯ ಹೇಳಿದರೆ ಯಾರೂ ನಡೆಸುವುದಿಲ್ಲವಂತೆ, ಅವರವರ ಮನೆಯ ರುಚಿಯಲ್ಲೇ ದಾರಿ ಹುಡುಕಬೇಕಂತೆ. ‘ನಿಮ್ಮ ಯಜಮಾನ್ರನ್ನ ಏನು ತಿಂತೀರಿ ಅಂದ್ರೆ, ಮನೇಲಿ ಏನ್ ಮಾಡ್ತಾರೋ ಅದು ಅಂತಾರಮ್ಮ’ ಎಂದಳು. ಇಷ್ಟು ವರ್ಷ ಉಂಡದ್ದೇನು ಎಂದು ನಿಮಗೇ ತಿಳಿಯದು! ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಎರಡರಲ್ಲಿ ಒಂದಾದರೂ ನಿಮಗೆ ಬಂದಿದ್ದರೆ ನಾನು ಈ ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಗುಂಡಿ ಹಾಕುತ್ತ ಕೂರುತ್ತಿರಲಿಲ್ಲ.

ಅವಳಿಗೆ ಎಲ್ಲ ಹೇಳಿದೆ. ಮೊದಲ ತುತ್ತಿಗೆ ನಿಂಬೆಹುಳಿ ತಾಗದಿದ್ದರೆ ತಟ್ಟೆ ತಳ್ಳುತ್ತೀರಿ. ಸೊಪ್ಪು ಕಣ್ಣಿಗೆ ಕಂಡರೆ ಮುಟ್ಟುವುದಿಲ್ಲ, ಬೇಳೆಯಲ್ಲಿ ಅರೆದು ಬೆರೆಸಿದರೆ ಮತ್ತೆ ಬಡಿಸು ಎನ್ನುತ್ತೀರಿ. ಅನ್ನ ಕಡಿಮೆ ಮಾಡಬೇಕಾದರೆ ತಟ್ಟೆಯೇ ಚಿಕ್ಕದಿರಬೇಕು, ಇಲ್ಲವಾದರೆ ರಂಪ. ಹೀಗೆ ಮೋಸ ಮಾಡಿಯೇ ನಿಮ್ಮ ಕಾಲು ಕಾಪಾಡಿದ್ದೆ. ನೀವು ನೆಂಟರೆದುರು ನನ್ನದು ಸಪ್ಪೆ ಕೈ ಎಂದು ಆಡಿಕೊಂಡಿರಿ. ಅದು ಇನ್ನೂ ಉರಿಯುತ್ತದೆ.

ಕೊನೆಗೆ ಆ ಹುಡುಗಿ, ‘ನಿಮಗೇನಿಷ್ಟ ಅಮ್ಮ?’ ಎಂದಳು. ಫೋನ್ ಇಟ್ಟ ಮೇಲೆ ನೆನಪಾಯಿತು, ಒಣಮೀನು. ತವರಿನಲ್ಲಿ ಕೆಂಡದ ಮೇಲೆ ಸುಟ್ಟುಕೊಂಡು, ಬೆರಳು ನೆಕ್ಕಿಕೊಂಡು ತಿನ್ನುತ್ತಿದ್ದೆ. ನಿಮಗೆ ಆ ವಾಸನೆ ಆಗದೆಂದು ಮದುವೆಯಾದ ವಾರವೇ ಬಿಟ್ಟೆ.

ನಾನು ಬರುವುದಿಲ್ಲ. ಪಾದ ನಿಮ್ಮದು, ಒಲೆಯೂ ನಿಮ್ಮದೇ. ಮಾಡುವ ಬಗೆ ಅವಳು ಹೇಳಿಕೊಡುತ್ತಾಳೆ. ನಾನಿನ್ನು ನನ್ನ ನಾಲಿಗೆಗೆ ಅಡುಗೆ ಮಾಡಿಕೊಳ್ಳುತ್ತೇನೆ.

ಇಂತಿ,
ಸಪ್ಪೆ ಕೈಯವಳು

ತಾ.ಕ.: ಕಾಗದ ಮುಗಿಸಿ ಒಣಮೀನು ತಂದು ಸುಟ್ಟೆ. ಯಾರಿಗೂ ಕಾಯದೆ ಬಿಸಿಬಿಸಿಯಾಗಿ ಬಡಿಸಿಕೊಂಡೆ. ವಾಸನೆಗೆ ಒಂದು ತುತ್ತೂ ಇಳಿಯಲಿಲ್ಲ, ತಟ್ಟೆ ತಳ್ಳಿದೆ. ಎದ್ದು ಹೋಗಿ ನಿಂಬೆಹಣ್ಣು ಹಿಂಡಿಕೊಂಡೆ, ನಿಮ್ಮ ಹಾಗೆಯೇ. ಆಗ ಇಳಿಯಿತು. ಸಿಟ್ಟಿನಿಂದ ಅಳು ಬಂತು.