ಪಾಠಕ್ಕೆ ಮಾತ್ರ

ಗುರುವಾರ, ಸಂಜೆ

ಪ್ರೀತಿಯ ಚಿಕ್ಕಮ್ಮ,

ಬೆಳಿಗ್ಗೆ ನಮ್ಮ ಬಾನುಲಿ ಕೇಂದ್ರದ ಬೀರು ತೆರೆದಾಗ, ನಿನ್ನ ಕಥೆಯ ಧ್ವನಿಮುದ್ರಣವಿರುವ ಡಬ್ಬಿಯ ಚೀಟಿಯನ್ನು ಯಾರೋ ಉಗುರಿನಿಂದ ಕೆರೆದು ತೆಗೆದಿದ್ದರು. ‘ಪಾಠಕ್ಕೆ ಮಾತ್ರ’ ಎಂದು ನಾನೇ ಬರೆದು ಅಂಟಿಸಿದ್ದ ಚೀಟಿ. ಅಂಟು ಇನ್ನೂ ಬೆರಳಿಗೆ ಹತ್ತುತ್ತಿತ್ತು.

ಶಾಲಾ ಮಕ್ಕಳ ಪಾಠದಲ್ಲಿ ಬೇರೆಯವರ ಬರಹವನ್ನು ಅನುಮತಿ ಕೇಳದೆ ಓದಲು ಕಾನೂನು ನಮಗೆ ವಿನಾಯಿತಿ ಕೊಟ್ಟಿದೆ. ಬರೆದವರ ಹೆಸರು ಹೇಳಬೇಕು, ಪಾಠಕ್ಕಷ್ಟೇ ಬಳಸಬೇಕು. ಆ ಧೈರ್ಯದಲ್ಲೇ ನೀನು ನಿನ್ನ ಮಗಳು ಪುಟ್ಟಿಗಾಗಿ ಬರೆದ, ಕತ್ತಲೆಗೆ ಹೆದರುವ ಹುಡುಗಿಯ ಕಥೆ ಓದಿದ್ದೆ. ಅದು ಬಾನುಲಿಯಲ್ಲಿ ಬಂದ ದಿನ, ಪುಟ್ಟಿ ಹೋದಮೇಲೆ ಇವತ್ತೇ ಮೊದಲು ಆ ಕಥೆ ಕೇಳಿದ್ದು, ಮಕ್ಕಳಿಗೆ ಹೇಳ್ತಾ ಇರು ಅಂತ ನೀನು ಅತ್ತಿದ್ದೆ.

ಚೀಟಿ ಕೆರೆದವರು ನಮ್ಮ ಸಾಹೇಬರೇ. ಹಾಲಿನ ಪುಡಿಯ ಕಂಪನಿಯೊಂದು ನಮ್ಮ ಪಾಠಗಳನ್ನೆಲ್ಲ ಕೊಂಡು, ನಡುನಡುವೆ ಜಾಹೀರಾತು ತುರುಕಿ ಮಾರುತ್ತದಂತೆ. ಉಳಿದವೆಲ್ಲ ಕೇಂದ್ರದವರೇ ಬರೆದವು. ಹೊರಗಿನದು ನಿನ್ನ ಕಥೆಯೊಂದೇ. ಮಾರಾಟಕ್ಕೆ ವಿನಾಯಿತಿ ಇಲ್ಲ, ನಿನ್ನ ಒಪ್ಪಿಗೆ ಬೇಕು. ಸಾಹೇಬರು ನನ್ನನ್ನು ಕರೆಸಿ, ಬಾಗಿಲು ಮುಚ್ಚಿ, ನಿಮ್ಮ ಚಿಕ್ಕಮ್ಮ ತಾನೇ, ಬಾಯಿಮಾತಲ್ಲಿ ಒಪ್ಪಿದ್ದಾರೆ ಅಂತ ನೀನೇ ಒಂದು ಸಹಿ ಹಾಕ್ಬಿಡು, ನಿನ್ನ ಕೆಲಸ ಕಾಯಂ ಮಾಡೋದೂ ನನ್ನ ಕೈಲೇ ಇದೆಯಲ್ಲ ಅಂದರು. ನಗುತ್ತಲೇ ಅಂದರು. ನಾಳೆ ಹೇಳ್ತೀನಿ ಸರ್ ಅಂತ ಹೇಗೋ ಹೊರಬಂದೆ.

ಧ್ವನಿಮುದ್ರಣ ಮಾಡುವ ಅಣ್ಣ ನನ್ನ ಮುಖ ನೋಡಿ, ಸಾಹೇಬ್ರು ಬೆಣ್ಣೆ ಹಚ್ಚಿದ್ರಾ, ಹಾಗಾದ್ರೆ ಇನ್ನೊಂದು ಕೈಲಿ ಚಾಕು ಇರತ್ತೆ ನೋಡ್ಕೊ ತಂಗಿ ಅಂದ. ನಗು ಬರಲಿಲ್ಲ. ಆಮೇಲೆ ಹಜಾರದಲ್ಲಿ ಬೂಟಿನ ಸದ್ದು ಕೇಳಿದಾಗೆಲ್ಲ ಓದುತ್ತಿದ್ದ ಸಾಲು ತಪ್ಪಿತು. ಅಪ್ಪನ ಮುಂದೆ ಬಾಯಿ ಬಿಟ್ಟಿಲ್ಲ. ಈ ಕೆಲಸ ಹೋದರೆ ಸಾಹಿತ್ಯ ಓದಿದವಳನ್ನು, ಅದರಲ್ಲೂ ನಾಲ್ಕು ಜನರ ಮುಂದೆ ಮಾತೇ ಹೊರಡದವಳನ್ನು, ಇನ್ಯಾರು ಕರೆಯುತ್ತಾರೆ?

ಆದರೆ ಆಟಿಕೆ ಕಂಪನಿಯವರು ಇದೇ ಕಥೆ ಕೇಳಿಕೊಂಡು ಬಂದಿದ್ದಾಗ, ನನ್ನ ಪುಟ್ಟಿ ಮಾರಾಟಕ್ಕಿಲ್ಲ ಹೋಗ್ರಿ ಅಂತ ನೀನು ಬಾಗಿಲು ಹಾಕಿದ್ದನ್ನು ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡಿದ್ದೆ.

ಹೊರಡುವ ಮುಂಚೆ ಡಬ್ಬಿಗೆ ಹೊಸ ಚೀಟಿ ಅಂಟಿಸಿ ಬಂದೆ. ಅಕ್ಷರ ಸೊಟ್ಟಗಾಗಿವೆ, ಬೈಯಬೇಡ.

ನಿನ್ನ ಪುಕ್ಕಲಿ

ತಾ.ಕ.: ವಿಷಯ ಮೊದಲೇ ತಿಳಿದರೆ ನನ್ನ ಕೆಲಸ ಉಳಿಸಲೆಂದು ನೀನು ಅಳುತ್ತಲೇ ಒಪ್ಪಿಬಿಡುತ್ತೀಯ. ಅದಕ್ಕೇ ನಾಳೆ ಸಾಹೇಬರಿಗೆ ಆಗುವುದಿಲ್ಲ ಎಂದು ಹೇಳಿ ಬಂದ ಮೇಲೆಯೇ ಈ ಕಾಗದವನ್ನು ಅಂಚೆಗೆ ಹಾಕುತ್ತೇನೆ.